ಒಬ್ಬನೇ ಹೊರಬೇಕಾದ ಕಲ್ಲು

ಟೆಕೋಹು ಊರಿನಲ್ಲಿ ಹಸಿರುಕಲ್ಲು ಸಿಗದೇ ಇದ್ದ ಮನುಷ್ಯ ಒಬ್ಬನೇ ಒಬ್ಬ. ಅವನೇ ಹೊಹೆಪ. ಪಾದ್ರಿಗೆ ಸಿಕ್ಕಿತ್ತು, ಅಂಚೆ ಹಂಚುವವಳಿಗೆ ಸಿಕ್ಕಿತ್ತು, ರಜೆಗೆಂದು ಬಂದು ಮರಳುದಿಬ್ಬದ ಹಿಂದೆ ಒಂದು ನಿಮಿಷ ಮರೆಗೆ ಹೋದ ಪರವೂರಿನ ದಂತವೈದ್ಯನಿಗೂ ಸಿಕ್ಕಿತ್ತು. ಹೊಹೆಪನ ನಾಯಿ ಕೂಡ ಒಮ್ಮೆ ಒಂದನ್ನು ಬಾಯಲ್ಲಿ ಕಚ್ಚಿಕೊಂಡು ಬಂದಿತ್ತು. ಆದರೆ ಅದು ತಂದುಕೊಟ್ಟದ್ದು ಪಕ್ಕದ ಮನೆಗೆ.

ಇದು ಸಾಲದೆಂಬಂತೆ ಹೊಹೆಪನ ಕಸುಬೇ ಕಲ್ಲು. ಇಪ್ಪತ್ಮೂರು ವರ್ಷಗಳಿಂದ ಅವನು ಜಲ್ಲಿ ಲಾರಿ ಓಡಿಸುತ್ತಿದ್ದ. ನದಿಯ ಪಾತ್ರದಿಂದ ಎತ್ತಿದ ಕಲ್ಲನ್ನು ಪುಡಿಯಂತ್ರದ ಬಾಯಿಗೆ ಸುರಿದು, ಆಚೆ ಕಡೆಯಿಂದ ಬಂದ ಜಲ್ಲಿಯನ್ನು ರಸ್ತೆಗೆ ಸುರಿಯುವುದು ಅವನ ದಿನಚರಿ. ಆ ಕಲ್ಲುಗಳ ನಡುವೆ ಹಸಿರುಕಲ್ಲು ಇದ್ದಿರಲೇಬೇಕು ಎಂದು ಊರಿನವರಿಗೆ ಖಾತ್ರಿಯಿತ್ತು. ಹಾಗಾಗಿ ಅವನ ಲಾರಿ ಹೋದ ಹೊಸ ರಸ್ತೆಯ ಮೇಲೆಲ್ಲ ಜನ ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದರು. ಮೂವರಿಗೆ ಸಿಕ್ಕಿಯೂ ಇತ್ತು.

ಈ ಹಸಿರುಕಲ್ಲಿಗೆ ಅಲ್ಲಿಯವರು ಪೌನಮು ಎನ್ನುತ್ತಾರೆ, ಉಜ್ಜಿ ಪದಕ ಮಾಡಿ ಕೊರಳಿಗೆ ಹಾಕುತ್ತಾರೆ. ಅದನ್ನು ತಾನೇ ತಂದು ತನ್ನ ಕೊರಳಿಗೆ ತಾನೇ ಹಾಕಿಕೊಳ್ಳುವ ಪದ್ಧತಿ ಆ ಕಡಲ ದಂಡೆಯವರಲ್ಲಿಲ್ಲ. ಯಾರಾದರೂ ಪ್ರೀತಿಯಿಂದ ಕೊಡಬೇಕು. ಹೊಹೆಪನ ಮದುವೆಯ ದಿನ ಮದುಮಗಳು ರೀಪೆಕಾಳ ಅಣ್ಣ ಮಾಟಿಯು ತಂಗಿಗೆ ಕೊಡಲೆಂದು ಒಂದನ್ನು ಜೇಬಿನಿಂದ ತೆಗೆದ. ಆಗ ಹೊಹೆಪ, ಎರಡು ಗ್ಲಾಸಿನ ಧೈರ್ಯದಲ್ಲಿ, ಕುರ್ಚಿಯ ಮೇಲೆ ಹತ್ತಿ ನಿಂತು, "ತಡಿ ಭಾವ! ನನ್ನ ಹೆಂಡ್ತಿಗೆ ನಾನೇ ಹುಡುಕಿ, ನಾನೇ ಹೊತ್ತು ತಂದು ಕೊಡ್ತೀನಿ. ಅಲ್ಲೀವರ್ಗೂ ಇವಳ ಕೊರಳಿಗೆ ಯಾರೂ ಏನೂ ಹಾಕಂಗಿಲ್ಲ!" ಎಂದು ಘೋಷಿಸಿಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಟಿಯು ಕಲ್ಲನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಅಂದಿನಿಂದ ಇಪ್ಪತ್ತೈದು ವರ್ಷ ರೀಪೆಕಾಳ ಕೊರಳು ಬರಿದಾಗಿಯೇ ಇತ್ತು. ಮಾಟಿಯುವಿಗಾದರೋ ಶೂ ದಾರ ಕಟ್ಟಲು ಬಗ್ಗಿದರೂ ಒಂದು ಹಸಿರುಕಲ್ಲು ಸಿಗುತ್ತಿತ್ತು. ಪ್ರತಿ ವರ್ಷ ಮದುವೆಯ ದಿನಕ್ಕೆ ಬಂದು, "ಏನು ಭಾವ, ಸಿಕ್ತಾ?" ಎಂದು ಕೇಳುವುದು, "ಇನ್ನೂ ಇಲ್ಲ ಭಾವ" ಎಂದು ಹೊಹೆಪ ಹೇಳುವುದು, ಇದೊಂದು ಹಬ್ಬದ ಅಂಗವೇ ಆಗಿಬಿಟ್ಟಿತ್ತು.

ಈ ವರ್ಷ ಮಾತ್ರ ರೀಪೆಕ ಗಡುವು ಕೊಟ್ಟಳು. "ನೋಡು, ಶನಿವಾರ ನಾಲ್ಕು ಗಂಟೆಗೆ ಹಾಲ್‌ನಲ್ಲಿ ಊಟ. ಇಪ್ಪತ್ತೈದಾಯ್ತು. ನೀನು ತಂದ್ರೆ ಸಂತೋಷ. ಇಲ್ದಿದ್ರೆ ಅಣ್ಣನ ಕೈಯಿಂದ್ಲೇ ಹಾಕಿಸ್ಕೋತೀನಿ. ಕಲ್ಲು ಬರೋ ಹೊತ್ತಿಗೆ ಕೊರಳೇ ಜೋತುಬಿದ್ದಿರುತ್ತೆ" ಎಂದಳು. ನಗುತ್ತಲೇ ಅಂದಳು. ಆದರೆ ಹೊಹೆಪ ಆ ರಾತ್ರಿ ಎರಡನೇ ಸಲ ಬಡಿಸಿಕೊಳ್ಳದೆ ಊಟದಿಂದ ಎದ್ದುಬಿಟ್ಟ.

ಗುರುವಾರ, ಶುಕ್ರವಾರ ಎರಡು ದಿನ ಕಡಲು ರೊಚ್ಚಿಗೆದ್ದಿತ್ತು. ಶನಿವಾರ ಬೆಳಗ್ಗೆ ಎಂಟು ಗಂಟೆಗೆ, ಹಳೆಯ ಹಡಗಿನ ಮುರುಕಿನ ಹತ್ತಿರ, ಹೊಹೆಪ ಒಂದು ಕಲ್ಲನ್ನು ಎಡವಿದ. ಬೈಯಲೆಂದು ಬಗ್ಗಿ ನೋಡಿದ. ಅಲೆಯೊಂದು ಬಂದು ಅದನ್ನು ತೊಳೆದು ಹೋಯಿತು. ಕಲ್ಲು ಹಸಿರಾಗಿತ್ತು!

ಪಾಚಿ ಇರಬಹುದೆಂದು ಅಂಗಿಯ ತೋಳಿನಿಂದ ಉಜ್ಜಿದ. ಅಂಗಿ ಹರಿಯಿತು, ಹಸಿರು ಹೋಗಲಿಲ್ಲ. ಆದರೆ ಅದು ಕೊರಳಿಗೆ ಹಾಕುವ ಅಳತೆಯದಲ್ಲ. ಮಲಗಿದ ಕುರಿಮರಿಯಷ್ಟಿತ್ತು. ಒಂದು ಚೂರು ಒಡೆದುಕೊಳ್ಳೋಣವೆಂದು ಪಕ್ಕದಲ್ಲಿದ್ದ ಇನ್ನೊಂದು ಕಲ್ಲಿನಿಂದ ಅದಕ್ಕೆ ಕುಟ್ಟಿದ. ಇನ್ನೊಂದು ಕಲ್ಲು ಎರಡು ಹೋಳಾಯಿತು.

ಇಲ್ಲೊಂದು ಕಾನೂನಿನ ಮಾತು. ಆ ದಂಡೆಯ ಹಸಿರುಕಲ್ಲೆಲ್ಲ ಅಲ್ಲಿನ ಬುಡಕಟ್ಟಿಗೆ ಸೇರಿದ್ದು. ಆದರೂ ದಂಡೆಯ ಮೇಲೆ ಸಿಕ್ಕಿದ್ದನ್ನು ಒಬ್ಬ ಮನುಷ್ಯ ಒಂದು ದಿನದಲ್ಲಿ, ಯಾರ ನೆರವೂ ಇಲ್ಲದೆ ತಾನೇ ಹೊರಬಲ್ಲಷ್ಟನ್ನು, ಒಯ್ಯಬಹುದು. ಹೊಹೆಪನ ಕಾರು ನಿಂತಿದ್ದದ್ದು ನದೀಮುಖದ ಬಳಿ, ಒಂದೂವರೆ ಕಿಲೋಮೀಟರು ಆಚೆ. ಕಲ್ಲಿನ ತೂಕ ನಲವತ್ತು ಕಿಲೋಗೆ ಕಡಿಮೆಯಿಲ್ಲ. ಹೊಹೆಪನ ವಯಸ್ಸು ಐವತ್ತೆರಡು. ಮೂರನೆಯ ಪ್ರಯತ್ನಕ್ಕೆ ಅವನು ಅದನ್ನು ಎತ್ತಿ ಹೊಟ್ಟೆಯ ಮೇಲೆ ಕೂರಿಸಿಕೊಂಡು ಹೊರಟ.

ಮೊದಲು ಕಂಡದ್ದು ಕರಿದ ಮೀನಿನ ಅಂಗಡಿಯ ಬರ್ನಿಸ್‌ಗೆ. ಅವಳು ನಾಯಿ ಸುತ್ತಾಡಿಸಲು ಬಂದಿದ್ದಳು.

"ಏ ಹೊಹೆಪ! ಅದೇನೋ ಅದು?"

"ಕಲ್ಲು."

"ಕಲ್ಲು ಅಂತ ನಂಗೂ ಕಾಣ್ತಾ ಇದೆ. ಯಾವ ಕಲ್ಲು?"

"ಅದೇ... ಅದೇ ಅನ್ಸುತ್ತೆ."

"ಅದೇನಾ!" ಎಂದು ಬರ್ನಿಸ್ ಫೋನು ತೆಗೆದಳು. ಅವಳ ಮೊದಲ ಫೋನಿನಲ್ಲಿ ಕಲ್ಲು ಕುರಿಮರಿಯಷ್ಟೇ ಇತ್ತು. ಐದನೆಯ ಫೋನಿನ ಹೊತ್ತಿಗೆ ಅದು ಹಸುವಾಗಿತ್ತು. ಬುಡಕಟ್ಟಿನ ಕಚೇರಿಗೆ ಸುದ್ದಿ ಮುಟ್ಟಿದಾಗ, ಯಾರೋ ಕಾರಿನಷ್ಟು ದೊಡ್ಡ ಪೌನಮುವನ್ನು ಹಾಡಹಗಲೇ ಸಾಗಿಸುತ್ತಿದ್ದಾರೆ ಎಂದಾಗಿತ್ತು.

ಅರ್ಧ ಗಂಟೆಯಲ್ಲಿ ದಂಡೆಯ ಮೇಲೆ ಇಪ್ಪತ್ತು ಜನ ಸೇರಿದರು. ಎಲ್ಲರಿಗಿಂತ ಮುಂದೆ ಮಾಟಿಯು. ಅವನು ಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದ, ಅಂದರೆ ಕಲ್ಲು ಹೊತ್ತ ಹೊಹೆಪನ ಸುತ್ತಲೂ ಬಂದ. ಜೇಬಿನಿಂದ ಒಂದು ಹರಳು ತೆಗೆದು ಟಣ್ ಎಂದು ತಟ್ಟಿ ಕಿವಿಗೊಟ್ಟ.

"ಇದಲ್ಲ" ಎಂದ.

"ಅಲ್ವಾ?" ಎಂದು ಹೊಹೆಪ ಕಲ್ಲನ್ನು ಇಳಿಸಹೋದ.

"ತಡಿ ತಡಿ, ಪೂರ್ತಿ ಅಲ್ಲ ಅಂತಾನೂ ಹೇಳಕ್ಕಾಗಲ್ಲ. ನಾದ ಸ್ವಲ್ಪ ಇದೆ."

ಹೊಹೆಪ ಮತ್ತೆ ಎತ್ತಿಕೊಂಡ.

ಅಷ್ಟರಲ್ಲಿ ಕುಯಿನಿ ಆಂಟಿ ಬಂದರು. ರೀಪೆಕಾಳ ಸೋದರತ್ತೆ, ಎಂಬತ್ತೊಂದು ವರ್ಷ. ಒಂದು ಕೈಯಲ್ಲಿ ಮಡಚುವ ಕುರ್ಚಿ, ಇನ್ನೊಂದರಲ್ಲಿ ಕರಿದ ರೊಟ್ಟಿಯ ಡಬ್ಬಿ. ಊರಿನಲ್ಲಿ ಯಾವುದೇ ವಿಷಯ ಆ ಕುರ್ಚಿ ಬಿಚ್ಚಿಕೊಂಡ ಮೇಲೆಯೇ ಅಧಿಕೃತವಾಗುತ್ತಿತ್ತು. ಆಂಟಿ ಹತ್ತಿರ ಬಂದು, ಕನ್ನಡಕ ತೆಗೆದು, ಕಲ್ಲನ್ನು ಒಮ್ಮೆ ನೆಕ್ಕಿದರು.

"ಪೌನಮುವೇ! ನಮ್ಮಪ್ಪ ಹಿಂಗೇ ನೆಕ್ಕಿ ಹೇಳ್ತಿದ್ದ."

"ಆಂಟಿ, ನಿಮ್ಮಪ್ಪ ನೆಕ್ಕಿ ಹೇಳಿದ ಒಂದು ಕಲ್ಲು ಕೊನೆಗೆ ಬಿಯರ್ ಬಾಟ್ಲಿ ತಳ ಆಗಿತ್ತು" ಎಂದ ಮಾಟಿಯು.

"ಅದ್ಕೇ ಕಣೋ ಅವನಿಗೆ ಆ ರುಚಿ ಇಷ್ಟ ಆಗಿದ್ದು. ಇದು ಹಂಗಿಲ್ಲ. ಇದು ತಣ್ಣಗಿದೆ. ಪೌನಮು ಯಾವಾಗ್ಲೂ ತಣ್ಣಗಿರುತ್ತೆ. ಹೊಹೆಪ, ನಿನ್ನ ಹೊಟ್ಟೆಗೆ ತಣ್ಣಗಾಗ್ತಿದೆಯೇನಪ್ಪ?"

"ಹೊಟ್ಟೇನೇ ಗೊತ್ತಾಗ್ತಿಲ್ಲ ಆಂಟಿ."

"ನೋಡಿದ್ರಾ? ಅಷ್ಟು ತಣ್ಣಗಿದೆ."

ಬರ್ನಿಸ್ ಫೋನಿನ ಬೆಳಕನ್ನು ಕಲ್ಲಿಗೆ ಹಿಡಿದು, ಅಂಚಿನಲ್ಲಿ ಬೆಳಕು ದಾಟಿತೆಂದಳು. ದಾಟಿದ್ದು ಬೆರಳ ಸಂದಿಯಲ್ಲಿ ಎಂದ ಇನ್ನೊಬ್ಬ. ಅಮೃತಶಿಲೆ ಇರಬಹುದು ಎಂದರು ಕೆಲವರು. ಹಾವಿನ ಚರ್ಮದಂಥ ಮಚ್ಚೆ ಇರುವ ಬೇರೊಂದು ಹಸಿರು ಕಲ್ಲಿದೆ, ಅದಿದು ಎಂದರು ಹಲವರು. ಪ್ರತಿಯೊಬ್ಬರ ಮಾತಿಗೂ ಹೊಹೆಪ, "ಹೌದಾ? ಹಂಗಾದ್ರೆ ಹೌದು" ಎಂದು ತಲೆಯಾಡಿಸಿದ. ಹೀಗೆ ಹತ್ತು ನಿಮಿಷದಲ್ಲಿ ಅವನ ತೋಳಿನಲ್ಲಿದ್ದ ಒಂದೇ ಕಲ್ಲು ಏಳು ಕಲ್ಲಾಯಿತು. ತೂಕವೂ ಏಳುಪಟ್ಟಾದಂತೆ ಅವನಿಗೆ ಅನ್ನಿಸಿತು.

ಓದುಗರು ಆ ಜನರ ಇಕ್ಕಟ್ಟನ್ನು ಅರ್ಥ ಮಾಡಿಕೊಳ್ಳಬೇಕು. ಅಲ್ಲಿ ಕಲ್ಲೆದೆಯವರು ಯಾರೂ ಇರಲಿಲ್ಲ. ಎಲ್ಲರಿಗೂ ಕೈ ಕೊಡುವ ಆಸೆಯೇ. ಆದರೆ ಅದು ಪೌನಮುವಾಗಿದ್ದರೆ ಯಾರೂ ಮುಟ್ಟುವಂತಿಲ್ಲ, ಮುಟ್ಟಿದರೆ ಹೊಹೆಪನಿಗೆ ಅದು ದಕ್ಕುವುದಿಲ್ಲ. ಪೌನಮು ಅಲ್ಲವಾದರೆ ಹತ್ತು ಜನ ಸೇರಿ ಎತ್ತಬಹುದು, ಆದರೆ ಆಗ ಎತ್ತುವುದು ಯಾಕೆ? ಹಾಗಾಗಿ ಇಪ್ಪತ್ತು ಜನರೂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಿಟ್ಟಿ ಸಲಹೆ ಕೊಡುತ್ತ, ಅವನ ಹಿಂದೆ ಮೆರವಣಿಗೆ ಹೊರಟರು.

ನೂರು ಹೆಜ್ಜೆಗೆ ಹೊಹೆಪ ಕಲ್ಲನ್ನು ಇಳಿಸಿ ಕೂತ. ಇಳಿಸಬಹುದೇ ಎಂಬ ಪ್ರಶ್ನೆ ಎದ್ದಿತು.

"ಇಳಿಸ್ಬೋದು. ಆದ್ರೆ ಕೈ ತೆಗೀಬಾರ್ದು. ಒಂದು ಕೈ ಕಲ್ಲಿನ ಮೇಲೆ ಇರ್ಲೇಬೇಕು" ಎಂದು ಮಾಟಿಯು ತೀರ್ಪು ಕೊಟ್ಟ. ಈ ನಿಯಮ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಅಷ್ಟು ಕಲ್ಲು ಸಿಕ್ಕಿದವನಿಗೆ ನಿಯಮವೂ ಸಿಕ್ಕಿರಬೇಕು ಎಂದುಕೊಂಡರು.

ಹೊಹೆಪ ಒಂದು ಕೈಯನ್ನು ಕಲ್ಲಿನ ಮೇಲಿಟ್ಟು ಕೂತ. ಕುಯಿನಿ ಆಂಟಿ ಕರಿದ ರೊಟ್ಟಿ ಮುರಿದು ಅವನ ಬಾಯಿಗಿಟ್ಟರು.

"ಆಂಟಿ! ಅದು ನೆರವು!" ಎಂದು ಬರ್ನಿಸ್ ಕೂಗಿದಳು.

"ನೆರವು ಹೆಂಗಾಗುತ್ತೆ? ನಾನು ಕಲ್ಲಿಗೆ ತಿನ್ನಿಸ್ದೆನಾ?"

"ತಿಂದ ಶಕ್ತಿ ಕಲ್ಲಿಗೇ ತಾನೇ ಹೋಗೋದು?"

ಇದರ ಮೇಲೆ ಕಾಲು ಗಂಟೆ ಚರ್ಚೆ ನಡೆಯಿತು. ಬಾಯಿಗಿಟ್ಟ ರೊಟ್ಟಿಯನ್ನು ಅಗಿಯಬೇಕೋ ಬಿಡಬೇಕೋ ತಿಳಿಯದೆ ಹೊಹೆಪ ಅದನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ಕೂತಿದ್ದ. ಕೊನೆಗೆ, ಅವನೇ ತನ್ನ ಇನ್ನೊಂದು ಕೈಯಿಂದ ತಿಂದರೆ ಅಡ್ಡಿಯಿಲ್ಲವೆಂದು ಒಪ್ಪಂದವಾಯಿತು.

ಹನ್ನೊಂದೂವರೆಗೆ ಕಾರು ಕಣ್ಣಿಗೆ ಬಿತ್ತು. ಇನ್ನು ಐನೂರು ಹೆಜ್ಜೆ. ಹೊಹೆಪನ ಮುಖದಲ್ಲಿ ಮದುವೆಯ ದಿನದ ಕಳೆ ಬಂದಿತ್ತು. ಆಗಲೇ ಎದುರಿನಿಂದ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಒಬ್ಬ ಪರದೇಶದ ಯುವಕ, ಏದುಸಿರು ಬಿಡುತ್ತ ಕಲ್ಲು ಹೊತ್ತಿದ್ದ ಹಿರಿಯನನ್ನು, ಅವನ ಹಿಂದೆ ಕೈಕಟ್ಟಿ ನಡೆಯುತ್ತಿದ್ದ ಇಪ್ಪತ್ತು ಗಟ್ಟಿಮುಟ್ಟಾದ ಜನರನ್ನು ನೋಡಿದ. ಅವನ ಮುಖ ಕೋಪದಿಂದ ಕೆಂಪೇರಿತು. ಸೈಕಲ್ ಎಸೆದು ಓಡಿಬಂದು ಕಲ್ಲಿನ ಒಂದು ತುದಿಯನ್ನು ಹಿಡಿದೇಬಿಟ್ಟ.

"ಬಿಡೋ!" ಎಂದು ಇಪ್ಪತ್ತು ಗಂಟಲು ಒಟ್ಟಿಗೆ ಕಿರುಚಿದವು. ಪಾಪ, ಅವನು ಹೆದರಿ ಬಿಟ್ಟ. ಕಲ್ಲು ಹೊಹೆಪನ ಕಾಲಿನಿಂದ ಒಂದು ಗೇಣು ಆಚೆ ಬಿತ್ತು.

"ನೀವೆಲ್ಲ ಮನುಷ್ಯರಾ?" ಎಂದು ಯುವಕ ಕೇಳಿದ.

"ಹೌದು, ಆದ್ರೆ ಮುಟ್ಟಂಗಿಲ್ಲ" ಎಂದರು ಕುಯಿನಿ ಆಂಟಿ.

ಈಗ ಏನು ಮಾಡುವುದು? ಹಿಡಿದದ್ದು ಎರಡೇ ಸೆಕೆಂಡು ಎಂದಳು ಬರ್ನಿಸ್. ಎರಡು ಸೆಕೆಂಡಿನಲ್ಲಿ ಒಂದು ಹೆಜ್ಜೆ ಸಾಗಿದೆ, ಆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರೆ ಸಾಕು ಎಂದ ಮಾಟಿಯು. ಅವನಿಗೂ ಒಳಗೊಳಗೇ ಕನಿಕರ ಬಂದಿತ್ತು. ಆದರೆ ಕುಯಿನಿ ಆಂಟಿ ಕುರ್ಚಿ ಬಿಚ್ಚಿ ಕೂತರು.

"ನಾನು ಹೊಹೆಪನ ಕಡೆಯವಳು. ಅದಕ್ಕೇ ಹೇಳ್ತಿದೀನಿ. ನಾಳೆ ಯಾವನೂ ಬಾಯಿ ಬಿಡಬಾರ್ದು. ಪರದೇಶದವನು ಹೊತ್ತುಕೊಟ್ಟ ಅಂತ ಯಾರಾದ್ರೂ ಅಂದ್ರೆ ನನ್ನ ಸೊಸೆ ಮುಖ ಎಲ್ಲಿಟ್ಕೋತಾಳೆ? ಮೊದ್ಲಿಂದ ಹೊರ್ಲಿ."

"ಮೊದ್ಲಿಂದ ಅಂದ್ರೆ ಎಲ್ಲಿಂದ ಆಂಟಿ?" ಎಂದ ಹೊಹೆಪ ಸಣ್ಣ ದನಿಯಲ್ಲಿ.

"ಸಿಕ್ಕಿದ ಜಾಗದಿಂದ ಕಣಪ್ಪ."

"ಅಲ್ಲೀವರ್ಗೂ ಕಲ್ಲನ್ನ ಯಾರು ತಗೊಂಡ್ ಹೋಗೋದು?"

ಎಲ್ಲರೂ ಅವನ ಕಡೆಗೇ ನೋಡಿದರು.

ಹೊಹೆಪ ಕಲ್ಲನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟ. ಇಂಥ ಅನ್ಯಾಯಕ್ಕೆ ಬೇರೆ ಯಾರಾದರೂ ಆಗಿದ್ದರೆ ಕಲ್ಲನ್ನು ಕಡಲಿಗೆ ಎಸೆದು ಮನೆಗೆ ಹೋಗುತ್ತಿದ್ದರು. ಹೊಹೆಪನಿಗೆ ಎಸೆಯುವಷ್ಟು ತ್ರಾಣವಿರಲಿಲ್ಲ.

ಹಡಗಿನ ಮುರುಕನ್ನು ಮುಟ್ಟಿ, ತಿರುಗಿ, ಮತ್ತೆ ಅರ್ಧ ದಾರಿ ಬರುವ ಹೊತ್ತಿಗೆ ಗಂಟೆ ಎರಡೂವರೆ. ಜನ ನಲವತ್ತಾಗಿದ್ದರು. ಹಾಲ್‌ನ ಹಿತ್ತಲಲ್ಲಿ ನೆಲದ ಗುಂಡಿಯಲ್ಲಿ ಬೇಯುತ್ತಿದ್ದ ಮಾಂಸ, ಗೆಣಸುಗಳನ್ನು ನೋಡಿಕೊಳ್ಳಬೇಕಾದವರೂ ಇಲ್ಲಿಗೇ ಬಂದುಬಿಟ್ಟಿದ್ದರು. ಆಗ ಬುಡಕಟ್ಟಿನ ಕಚೇರಿಯಿಂದ ಮಾರಾಮ ಎಂಬ ಅಧಿಕಾರಿ ಬಂದಳು. ಮೂವತ್ತರ ಒಳಗಿನ ಹುಡುಗಿ, ಕೈಯಲ್ಲಿ ಕಡತ. ಸುತ್ತಲೂ ನೋಡಿ ಕೇಳಿದಳು, "ಕಾರಿನಷ್ಟು ದೊಡ್ಡ ಕಲ್ಲು ಎಲ್ಲಿ?"

"ಇದೇ" ಎಂದ ಹೊಹೆಪ, ತಪ್ಪೊಪ್ಪಿಗೆಯ ದನಿಯಲ್ಲಿ.

"ಇದು ನಿಮ್ಮ ಹೊಟ್ಟೆಗಿಂತ ಚಿಕ್ಕದಿದೆಯಲ್ಲ ಅಂಕಲ್! ಯಾರಾದ್ರೂ ನೆರವಾದ್ರಾ?"

"ಇಲ್ಲಮ್ಮ. ಕೂತಾಗ್ಲೂ ಒಂದು ಕೈ ಇಟ್ಕೊಂಡೇ ಇದೀನಿ."

"ಕೈ ಯಾಕೆ ಇಟ್ಕೊಂಡ್ರಿ?"

"ನಿಯಮ ಅಲ್ವಾ?"

"ಅಂಥ ನಿಯಮ ಇಲ್ವಲ್ಲ" ಎಂದಳು ಮಾರಾಮ. ಬೆಳಗ್ಗೆಯಿಂದ ಮೂಗು ತುರಿಸಿದಾಗಲೂ ಎಡಗೈಯನ್ನೇ ಬಳಸಿದ್ದ ಹೊಹೆಪ ನಿಧಾನವಾಗಿ ಮಾಟಿಯುವಿನ ಕಡೆ ತಿರುಗಿದ. ಮಾಟಿಯು ಕಡಲಿನ ಕಡೆ ತಿರುಗಿದ.

"ಮೊದ್ಲು ಇದು ಪೌನಮು ಹೌದಾ ಅಲ್ವಾ, ಅದನ್ನ ಹೇಳು ಮಗಳೇ" ಎಂದರು ಕುಯಿನಿ ಆಂಟಿ.

ಮಾರಾಮ ಬಗ್ಗಿ ನೋಡಿದಳು. ಕಡತ ತೆರೆದು ನೋಡಿದಳು. "ನಾನು ಕಾನೂನು ಓದಿದವಳು ಆಂಟಿ, ಕಲ್ಲು ಓದಿದವಳಲ್ಲ. ನೆವಿಲ್ ಮೇಷ್ಟ್ರನ್ನ ಕರೆಸೋಣ" ಎಂದಳು.

ನೆವಿಲ್ ಪಾಸ್ಕೋ ಊರಿನ ಅರ್ಧ ಜನಕ್ಕೆ ವಿಜ್ಞಾನ ಕಲಿಸಿ, ಅವರು ಕಲಿಯಲಿಲ್ಲವೆಂಬ ಬೇಸರದಲ್ಲಿ ನಿವೃತ್ತರಾದವರು. ಮನೆಯ ಗೋಡೆ ಪದರಗಲ್ಲಿನದು, ಮೇಜು ಸ್ಲೇಟುಕಲ್ಲಿನದು, ಬಾಗಿಲಿಗೆ ತಡೆಯಾಗಿ ಇಟ್ಟಿದ್ದು ಅಮೃತಶಿಲೆ. ಅವರ ಹೆಂಡತಿ ಇನ್ನೊಂದು ಕಲ್ಲು ಮನೆಗೆ ಬಂದರೆ ತಾನು ಹೊರಗೆ ಹೋಗುವುದಾಗಿ ಹೇಳಿದ್ದರಂತೆ. ಹೊಹೆಪ ನದೀಮುಖದ ಹತ್ತಿರ, ಕಾರಿಗೆ ಇನ್ನು ಐವತ್ತು ಹೆಜ್ಜೆ ಇರುವಾಗ, ಮೇಷ್ಟ್ರು ಭೂತಗನ್ನಡಿ ಹಿಡಿದು ಅಡ್ಡ ನಿಂತರು.

"ಇಳಿಸ್ಬೇಡ! ಬೆಳಕು ಚೆನ್ನಾಗಿ ಬೀಳ್ತಿದೆ."

ಹೊಹೆಪ ಇಳಿಸಲಿಲ್ಲ. ಅವನೂ ಅವರ ಶಿಷ್ಯನೇ.

ಮೇಷ್ಟ್ರು ಕನ್ನಡಿಯಲ್ಲಿ ನೋಡಿದರು. "ಆಹಾ!" ಎಂದರು. ಇನ್ನೊಂದು ಬದಿ ನೋಡಿ, "ಆಹಾಹಾ!" ಎಂದರು. ಜೇಬಿನಿಂದ ಚಾಕು ತೆಗೆದು ಕಲ್ಲಿನ ಮೇಲೆ ಎಳೆದರು. ಕಲ್ಲಿಗೆ ಏನೂ ಆಗಲಿಲ್ಲ, ಚಾಕುವಿನ ಉಕ್ಕೇ ಸವೆದು ಬೂದು ಗೆರೆಯಾಗಿ ಅಂಟಿತು.

"ಹಾಗಾದ್ರೆ ಪೌನಮು!" ಎಂದರು ಆಂಟಿ.

"ಇರ್ಬೋದು. ಪೌನಮುವನ್ನೂ ಚಾಕು ಗೀರಲ್ಲ."

"ಮತ್ತೆ ಚಾಕು ಯಾಕೆ ತೆಗೆದ್ರಿ ಮೇಷ್ಟ್ರೆ?" ಎಂದ ಹೊಹೆಪ. ಜಾರುತ್ತಿದ್ದ ಕಲ್ಲನ್ನು ಮತ್ತೆ ಹೊಟ್ಟೆಯ ಮೇಲಕ್ಕೆ ಎಳೆದುಕೊಂಡ.

"ಕ್ರಮ ಅಂತ ಒಂದಿದೆ ಹೊಹೆಪ. ಒಂಬತ್ತನೇ ಕ್ಲಾಸಲ್ಲೂ ನಿಂಗೆ ಇದೇ ಅವಸರ. ಕೇಳಿ ಎಲ್ರೂ. ಈ ಕಲ್ಲು ಏನೇ ಆಗಿರ್ಲಿ, ಇದು ರೂಪಾಂತರ ಶಿಲೆ. ಮೊದ್ಲು ಬೇರೆ ಏನೋ ಆಗಿತ್ತು. ಭೂಮಿ ಇದನ್ನ ಒಳಗೆ ಎಳ್ಕೊಂಡು, ಬೇಯಿಸಿ, ಅದುಮಿ, ಹಿಂಡಿ, ಬೇರೆ ಮಾಡಿ ಹೊರಗೆ ಹಾಕಿದೆ. ನಮ್ಮ ಪಬ್‌ನಲ್ಲಿ ಬಿಲಿಯರ್ಡ್ಸ್ ಆಡ್ತೀರಲ್ಲ, ಆ ಬಟ್ಟೆ ಕೆಳಗಿರೋ ಸ್ಲೇಟು ಒಂದು ಕಾಲಕ್ಕೆ ಕೆಸರು. ಚರ್ಚಲ್ಲಿ ನಿಮ್ಮನ್ನೆಲ್ಲ ಅದ್ದಿದ್ರಲ್ಲ ಆ ಅಮೃತಶಿಲೆ ತೊಟ್ಟಿ, ಅದು ಚಿಪ್ಪಿನ ರಾಶಿ. ನನ್ನ ಮನೆ ಗೋಡೆಯ ಪದರಗಲ್ಲು..."

"ಮೇಷ್ಟ್ರೆ" ಎಂದ ಹೊಹೆಪ.

"ಪ್ರಶ್ನೆ ಕೊನೆಗೆ. ಈ ಹಸಿರು ಮಿಣುಕು ನೋಡಿ, ಇದು ಅಭ್ರಕ. ಅದಕ್ಕೇ ನಂಗೆ ಅನುಮಾನ. ಒಂದೇ ಒಂದು ಪರೀಕ್ಷೆ ಉಳಿದಿದೆ. ಯಾರ ಹತ್ರ ಆದ್ರೂ ಖಾತ್ರಿ ಪೌನಮು ಇದ್ರೆ ಕೊಡಿ, ಇದರ ಮೇಲೆ ಉಜ್ಜಿ ನೋಡ್ತೀನಿ."

ನಲವತ್ತು ಜನರ ಕೊರಳಲ್ಲೂ ಪೌನಮು ಇತ್ತು. ಕಣ್ಣು ಮಿಟುಕಿಸುವುದರೊಳಗೆ ನಲವತ್ತೂ ಅಂಗಿಯೊಳಕ್ಕೆ ಇಳಿದವು. ಮಾರಾಮ ತನ್ನದರ ಮೇಲೆ ಕಡತ ಅಡ್ಡ ಹಿಡಿದಳು. ಆಗ ಮಾಟಿಯು ಎದೆ ಸೆಟೆಸಿ ಮುಂದೆ ಬಂದ. ಜೇಬಿನಿಂದ ಒಂದು ಮಖಮಲ್ಲಿನ ಚೀಲ ತೆಗೆದು, ಅದರಿಂದ ತಂಗಿಗೆಂದೇ ಇಪ್ಪತ್ತೈದು ವರ್ಷ ಕಾದಿರಿಸಿ, ಮೂರು ವಾರ ಉಜ್ಜಿ ಹೊಳಪು ಬರಿಸಿದ್ದ ಪದಕವನ್ನು ತೆಗೆದ. ಕನ್ನಡಿಯಂತಿತ್ತು.

"ಉಜ್ಜಿ ಮೇಷ್ಟ್ರೆ. ನಿಜವಾದ ಪೌನಮು ಅಂದ್ರೆ ಏನು ಅಂತ ಆ ಬಂಡೆಗೂ ಗೊತ್ತಾಗ್ಲಿ."

ಮೇಷ್ಟ್ರು ಉಜ್ಜಿದರು. ಕಿರ್ರ್ ಎಂದು ಸದ್ದಾಯಿತು. ಪದಕವನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಮುಖದ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಬಿಳಿ ಗೀರು ಬಿದ್ದಿತ್ತು. ಹೊಹೆಪನ ಕಲ್ಲಿಗೆ ಏನೂ ಆಗಿರಲಿಲ್ಲ.

"ಅಯ್ಯೋ!" ಎಂದ ಮಾಟಿಯು.

"ಸಂಶಯವೇ ಇಲ್ಲ!" ಎಂದು ಮೇಷ್ಟ್ರು ಕುಣಿದರು. "ಕ್ವಾರ್ಟ್ಸೈಟ್! ಬೆಣಚು ಮರಳು ಬೆಂದು ಒಂದಾದ ಕಲ್ಲು. ಇದಕ್ಕೆ ಸುತ್ತಿಗೇಲಿ ಹೊಡೆದ್ರೆ ಮರಳಿನ ಕಣವೇ ಸೀಳುತ್ತೆ ಹೊರ್ತು, ಒಂದು ಕಣ ಇನ್ನೊಂದನ್ನ ಬಿಟ್ಟುಕೊಡಲ್ಲ. ಎಷ್ಟು ಚೆಂದದ ಕಲ್ಲು! ಹಿಂದೆ ಇಂಥ ಗಟ್ಟಿ ಮರಳಿನ ಕಲ್ಲಿನಿಂದ್ಲೇ ಅಲ್ವಾ ನಿಮ್ಮ ಹಿರಿಯರು ಪೌನಮುವನ್ನ ಕೊಯ್ದಿದ್ದು!"

"ಅಂದ್ರೆ... ಪೌನಮು ಅಲ್ಲ" ಎಂದ ಹೊಹೆಪ.

"ಅಲ್ವೇ ಅಲ್ಲ! ಅದಕ್ಕಿಂತ ಗಟ್ಟಿ!"

"ಕ್ವಾರ್ಟ್ಸೈಟಿಗೆ ನಮ್ಮ ನಿಯಮ ಅನ್ವಯ ಆಗಲ್ಲ" ಎಂದು ಮಾರಾಮ ಕಡತ ಮುಚ್ಚಿದಳು. "ಯಾರು ಬೇಕಾದ್ರೂ ಹೊರ್ಬೋದಿತ್ತು ಅಂಕಲ್."

"ನಮ್ಮನೇಲಿ ಕೈಗಾಡಿ ಇತ್ತಲ್ಲೋ" ಎಂದರು ಮೇಷ್ಟ್ರು.

ಹೊಹೆಪ ಕಲ್ಲನ್ನು ಇಳಿಸಿದ. ಏಳೂವರೆ ಗಂಟೆಯಲ್ಲಿ ಮೊದಲ ಬಾರಿಗೆ ತಾನಾಗಿಯೇ ಎರಡೂ ಕೈ ತೆಗೆದ. ಬೆರಳುಗಳು ಕಲ್ಲಿನ ಆಕಾರದಲ್ಲೇ ಸೆಟೆದು ನಿಂತಿದ್ದವು. ಅವನಿಗೆ ಅಳು ಬಂತು. ಐವತ್ತೆರಡು ವರ್ಷದ ಲಾರಿ ಡ್ರೈವರು ನಲವತ್ತು ಜನರ ಮುಂದೆ ಮೂಗು ಒರೆಸಿಕೊಂಡ. ಬಲಗೈಯಿಂದ ಒರೆಸಿಕೊಂಡ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರಿಗೂ ತಮ್ಮ ಕಟ್ಟಿದ ಕೈಗಳ ಬಗ್ಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಮೇಲಿನ ರಸ್ತೆಯಿಂದ ರೀಪೆಕ ಇಳಿದು ಬಂದಳು. ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆ ಇನ್ನೂ ಹಾಗೇ ಇತ್ತು.

"ನಾಲ್ಕು ಗಂಟೆ ಆಯ್ತು! ನೂರು ಕುರ್ಚಿ ಹಾಕಿ ಕೂತಿದೀನಿ, ಒಂದು ನೊಣ ಇಲ್ಲ ಹಾಲ್‌ನಲ್ಲಿ! ಏನಾಗ್ತಿದೆ ಇಲ್ಲಿ?"

ಎಲ್ಲರೂ ಒಟ್ಟಿಗೆ ಹೇಳತೊಡಗಿದರು. ಪರದೇಶದವನು, ಕರಿದ ರೊಟ್ಟಿ, ನೆಕ್ಕಿದ್ದು, ಚಾಕು, ಎಲ್ಲ ಸೇರಿಹೋಗಿ ಅವಳಿಗೆ ಏನೂ ಅರ್ಥವಾಗಲಿಲ್ಲ. ಅವಳು ಕೈಯೆತ್ತಿ ನಿಲ್ಲಿಸಿ, ಗಂಡನ ಹತ್ತಿರ ಹೋದಳು.

"ನೀನು ಹೇಳು."

"ಅದಲ್ಲ ರೀಪೆಕ" ಎಂದ ಹೊಹೆಪ. "ಬರೀ ಕಲ್ಲು. ನಂಗೆ ಗೊತ್ತಾಗ್ಲಿಲ್ಲ."

ರೀಪೆಕ ಕಲ್ಲನ್ನು ನೋಡಿದಳು. ಇಳಿಬಿಸಿಲು ಅದರ ಮೇಲೆ ಬಿದ್ದಿತ್ತು. ಹಸಿರೊಳಗೆ ಸಾವಿರ ಸಣ್ಣ ಮಿಣುಕು. ಗಂಡನ ಹರಿದ ಅಂಗಿ ನೋಡಿದಳು, ಸೆಟೆದ ಬೆರಳು ನೋಡಿದಳು.

"ಎಲ್ಲಿಂದ ಹೊತ್ತೆ?"

"ಹಡಗಿನ ಹತ್ರದಿಂದ."

"ಎರಡು ಸಲ" ಎಂದರು ಕುಯಿನಿ ಆಂಟಿ, ಸ್ವಲ್ಪ ಮೆತ್ತಗೆ.

"ಮೇಷ್ಟ್ರೆ, ಇದು ಸವೆಯುತ್ತಾ?" ಎಂದು ರೀಪೆಕ ಕೇಳಿದಳು.

"ನೀನು, ನಾನು, ಈ ಊರು, ಎಲ್ಲ ಸವೆದ ಮೇಲೂ ಹಿಂಗೇ ಇರುತ್ತೆ ಕಣಮ್ಮ."

ರೀಪೆಕ ಆ ಕಲ್ಲಿನ ಮೇಲೆ ಕೂತಳು. ಒಂದು ಸಲ ಅತ್ತಿತ್ತ ಸರಿದು ನೋಡಿದಳು. "ಚೆನ್ನಾಗಿದೆ" ಎಂದಳು.

"ಅದನ್ನ ಕೊರಳಿಗೆ ಹೆಂಗೆ ಹಾಕ್ಕೋತೀಯ?" ಎಂದ ಮಾಟಿಯು. ಗೀರು ಬಿದ್ದ ಪದಕ ಇನ್ನೂ ಅವನ ಕೈಯಲ್ಲಿತ್ತು.

"ಕೊರಳಿಗೆ ಯಾಕಣ್ಣ? ನಮ್ಮನೆ ಹಿಂದಿನ ಬಾಗಿಲ ಮೆಟ್ಟಿಲು ಕಿತ್ತುಹೋಗಿ ಹನ್ನೊಂದು ವರ್ಷ ಆಯ್ತು. ಅದನ್ನೂ ಹಾಕಿಕೊಡ್ತೀನಿ ಅಂತ ಮಾತು ಕೊಟ್ಟಿದಾನೆ ಈ ಮಹರಾಯ. ಇಂಥ ಮೆಟ್ಟಿಲು ಊರಲ್ಲಿ ಯಾರ ಮನೆಗಿದೆ? ನೀನು ಅದನ್ನ ಜೇಬಿಗೆ ಹಾಕ್ಕೋ. ನಂಗೆ ಕೊಡೋ ಕಲ್ಲು ಕೊಟ್ಟಾಯ್ತು."

ದಂಡೆಯ ಮೇಲೆ ಒಂದು ದೊಡ್ಡ ಉಸಿರು ಬಿಟ್ಟಂತಾಯಿತು. ಎಲ್ಲರ ಕೈಗಳೂ ಒಟ್ಟಿಗೆ ಬಿಚ್ಚಿಕೊಂಡವು. "ಬನ್ರೋ, ಎತ್ರೋ, ಮೇಷ್ಟ್ರೆ ಕೈಗಾಡಿ ತನ್ನಿ" ಎಂದು ಮಾಟಿಯುವೇ ಮೊದಲು ಬಗ್ಗಿದ. ಬರ್ನಿಸ್ ಒಂದು ತುದಿಗೆ ಬಂದಳು. ಬೆಳಗ್ಗೆಯಿಂದ ಹೋಗದೇ ಉಳಿದಿದ್ದ ಪರದೇಶದ ಯುವಕ ಅಂಗಿಯ ತೋಳು ಮಡಚಿದ. ಹನ್ನೆರಡು ಜನ ಕಲ್ಲಿನ ಸುತ್ತ ನೆರೆದರು. ಹೊಹೆಪ ನೆಮ್ಮದಿಯಿಂದ ಮರಳಿನ ಮೇಲೆ ಕಾಲು ಚಾಚಿದ.

"ಮುಟ್ಬೇಡಿ!" ಎಂದಳು ರೀಪೆಕ.

ಹನ್ನೆರಡು ಜನ ನಿಂತಲ್ಲೇ ನಿಂತರು.

"ನನ್ನ ಗಂಡ ಕುರ್ಚಿ ಮೇಲೆ ನಿಂತು ಏನಂದಿದ್ದ? ನಾನೇ ಹುಡುಕಿ, ನಾನೇ ಹೊತ್ತು ತಂದು ಕೊಡ್ತೀನಿ ಅಂತ. ಇಲ್ಲೀವರ್ಗೂ ಹೊತ್ತಿದಾನೆ. ಇನ್ನು ಮನೆ ಬಾಗ್ಲಿಗೆ ಎಷ್ಟು ದೂರ?"

"ಮುಕ್ಕಾಲು ಕಿಲೋಮೀಟರು" ಎಂದಳು ಮಾರಾಮ.

"ಏರು" ಎಂದ ಮಾಟಿಯು.

"ರೀಪೆಕ, ಕಾರು ಇಲ್ಲೇ ಇದೆ, ಐವತ್ತೇ ಹೆಜ್ಜೆ" ಎಂದ ಹೊಹೆಪ.

"ಕಾರು ಕೊಡ್ತೀನಿ ಅಂದಿದ್ಯಾ?"

ಹೊಹೆಪ ಹೆಂಡತಿಯ ಮುಖ ನೋಡಿದ. ಇಪ್ಪತ್ತೈದು ವರ್ಷದ ಹಿಂದೆ, ಅವನು ಕುರ್ಚಿಯ ಮೇಲೆ ನಿಂತಿದ್ದಾಗ, ಕೆಳಗಿನಿಂದ ಅವಳು ಹೀಗೇ ನೋಡಿದ್ದಳು. ಅವನು ಎದ್ದ. ಒಮ್ಮೆಲೇ ಕಲ್ಲನ್ನು ಎತ್ತಿ ಹೊಟ್ಟೆಯ ಮೇಲೆ ಕೂರಿಸಿಕೊಂಡ. ಈ ಸಲ ಮೊದಲ ಪ್ರಯತ್ನಕ್ಕೇ ಬಂತು.

ರೀಪೆಕ ಮುಂದೆ, ಅವಳ ಹಿಂದೆ ಹೊಹೆಪ. ಕುಯಿನಿ ಆಂಟಿ ಕುರ್ಚಿ ಮಡಚಿಕೊಂಡು ಕಂಕುಳಿಗೆ ಸಿಕ್ಕಿಸಿದರು. ಉಳಿದವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಏರು ಹತ್ತತೊಡಗಿದರು. ಆ ಪರದೇಶದ ಯುವಕನೂ ಕಟ್ಟಿಕೊಂಡಿದ್ದ.